ಕಲ್ಯಾಣದುರ್ಗದಲ್ಲಿ ಮಾತು ಮರಳಿ ಕಲಿತದ್ದು

ನಾನು ಸರಿಯಾಗಿ ಆಡಿದ ಕೊನೆಯ ಮಾತು ಹುಣಸೆಹಣ್ಣಿನ ಬಗ್ಗೆ. ಬೇಸಿಗೆ ರಜೆಗೆಂದು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ, ಲಲಿತಕ್ಕನ ಮನೆಗೆ ಹೋಗಿದ್ದೆ. ಬ್ಯಾಗಿನಿಂದ ಪೊಟ್ಟಣ ತೆಗೆದು ಅವಳ ಕೈಗಿಟ್ಟು, "ಹೊಸ ಹಣ್ಣು ಕಣಕ್ಕ, ಬೀಜ ತೆಗ್ಸಿ ತಂದಿದ್ದೀನಿ, ಬೇಗ ಉಪ್ಪು ಹಾಕಿ ತುಂಬಿಡು" ಅಂದು ಸ್ನಾನಕ್ಕೆ ಹೋದೆ. ಬಚ್ಚಲಿಂದ ಹೊರಗೆ ಬಂದಾಗ ಬಲಗೈ ಯಾಕೋ ನನ್ನದಲ್ಲ ಅನ್ನಿಸಿತು. ಸೀರೆಯ ನೆರಿಗೆ ಹಿಡಿಯಲಾಗಲಿಲ್ಲ. "ಅಕ್ಕಾ, ಸ್ವಲ್ಪ ಬಾ" ಅಂತ ಕರೆಯಬೇಕೆಂದುಕೊಂಡೆ. ಬಾಯಿಂದ ಹೊರಟದ್ದು ಯಾವ ಭಾಷೆಯದೂ ಅಲ್ಲದ ಏನೋ ಒಂದು ಸದ್ದು.

ಅಕ್ಕ ಅಡುಗೆಮನೆಯಿಂದಲೇ ನಕ್ಕಳು. "ಏನೇ ಅದು, ಒಂದನೇ ಕ್ಲಾಸ್ ಮಕ್ಕಳ್ ಥರ ಆಡ್ತಿದ್ದೀಯ?" ಮತ್ತೆ ಅದೇ ಸದ್ದು ಕೇಳಿದಾಗ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನನ್ನ ಮುಖ ನೋಡಿದಳು. ನಗು ಹೋಯಿತು.

ನನ್ನ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ನನ್ನ ಹೆಸರು ಸುಮಿತ್ರ. ಲೇಪಾಕ್ಷಿ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತೇನೆ. ದಿನವೂ ಹಿಂದೂಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮದು ಮಗ್ಗದ ಮನೆತನ. ನನ್ನ ಗಂಡ ನಾಗೇಂದ್ರ ಈಗ ಮಗ್ಗ ಬಿಟ್ಟು ಸೀರೆ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ. ಬೆಳಗಾದರೆ ಮಾತು, ಮಲಗುವವರೆಗೂ ಮಾತು. ನನ್ನ ಕೆಲಸವೇ ಬಾಯಿ. ಅಂಥವಳ ಬಾಯಿ ಆ ದಿನ ಅಕ್ಕನ ನಡುಮನೆಯಲ್ಲಿ ಕೈಕೊಟ್ಟಿತು.

ಭಾವ ಪಕ್ಕದ ಮನೆಯವರ ಕಾರು ತಂದರು. ಕಲ್ಯಾಣದುರ್ಗದ ಆಸ್ಪತ್ರೆ ಸುತ್ತಲಿನ ಮಂಡಲಗಳಿಗೆಲ್ಲ ದೊಡ್ಡದು. ಆದರೂ ಇಂಥ ಕಾಯಿಲೆ ಬಂದರೆ ಅಲ್ಲಿಂದ ಅನಂತಪುರಕ್ಕೋ ಬೆಂಗಳೂರಿಗೋ ಓಡುವುದೇ ವಾಡಿಕೆ. ಭಾವನೂ ಕಾರನ್ನು ನೇರ ಅನಂತಪುರದ ದಾರಿಗೆ ತಿರುಗಿಸುವವರಿದ್ದರು. ಅಕ್ಕ, "ಮೊದ್ಲು ಇಲ್ಲೇ ತೋರ್ಸಿ, ದೊಡ್ಡ ಸ್ಕ್ಯಾನ್ ಮೆಷಿನ್ ಬಂದೈತಂತೆ, ಹೊಸ ಡಾಕ್ಟ್ರು ಬಂದವ್ರಂತೆ" ಅಂದಳು. ಆ ಸುದ್ದಿ ಅವಳಿಗೆ ಗೊತ್ತಾದದ್ದು ತರಕಾರಿ ಕೊಳ್ಳುವಾಗ. ಲಕ್ವ ಹೊಡೆದವರಿಗೆ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಇಲ್ಲೇ ಕೊಡಲು ಶುರು ಮಾಡಿದ್ದಾರೆ, ಆದರೆ ತಡ ಮಾಡದೆ ಬರಬೇಕು ಅಂತ ಸೊಪ್ಪಿನವಳು ಯಾರಿಗೋ ಹೇಳುತ್ತಿದ್ದಳಂತೆ. ಇವತ್ತು ನಾನು ಕೂತು ಇದನ್ನು ಬರೆಯುತ್ತಿರುವುದಕ್ಕೆ ಆ ಮಾತು ಅಕ್ಕನ ಕಿವಿಗೆ ಬಿದ್ದದ್ದೂ ಒಂದು ಕಾರಣ.

ಸ್ಟ್ರೆಚರಿನ ಮೇಲೆ ಮಲಗಿದಾಗ ನನಗೆ ಎಲ್ಲ ಅರ್ಥವಾಗುತ್ತಿತ್ತು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಡಾಕ್ಟರ್ ಶಮೀಮ್ ಅನ್ನುವ ಯುವತಿ ಬಗ್ಗಿ, "ಮೀ ಪೇರೇಮಿಟಮ್ಮಾ?" ಅಂತ ಹೆಸರು ಕೇಳಿದಳು. ನನ್ನ ಹೆಸರು ನನಗೆ ಗೊತ್ತಿತ್ತು. ಹೇಳಿದೆ. ಕಿವಿಗೆ ಬಿದ್ದದ್ದು "ಬಾಳೆಹಣ್ಣು." ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಡಾಕ್ಟರ್ ಮಾತ್ರ ಒಂದಿಷ್ಟೂ ಮುಖ ಬದಲಿಸದೆ, ಹೆಸರು ಸರಿಯಾಗಿಯೇ ಹೇಳಿದೆನೇನೋ ಎಂಬಂತೆ ತಲೆಯಾಡಿಸಿ, ನನ್ನ ಕೈ ಹಿಡಿದಳು.

ಸ್ಕ್ಯಾನ್ ಆಯಿತು. ದೊಡ್ಡ ಊರಿನ ನರರೋಗದ ಡಾಕ್ಟರೊಬ್ಬರು ಪರದೆಯ ಮೇಲೆ ಬಂದು ನನ್ನನ್ನು ನೋಡಿದರು. ಆಮೇಲೆ ಡಾಕ್ಟರ್ ಶಮೀಮ್ ಅಕ್ಕನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು. ಇಂಜೆಕ್ಷನ್ ಕೊಟ್ಟರೆ ಒಳ್ಳೆಯದಾಗುವ ಸಂಭವ ಹೆಚ್ಚು. ಆದರೆ ಕೆಲವರಿಗೆ ತಲೆಯೊಳಗೆ ರಕ್ತ ಸುರಿದು ಇನ್ನೂ ಕೆಡುವುದುಂಟು. ಮನೆಯವರು ಒಪ್ಪಬೇಕು, ಈಗಲೇ ಒಪ್ಪಬೇಕು.

ನಾಗೇಂದ್ರ ಹಿಂದೂಪುರದಲ್ಲಿ. ಅಕ್ಕ ಫೋನ್ ಮಾಡಿದಳು. ಎರಡು ಸಲ ಅದು ಕೈಯಿಂದ ಜಾರಿದ್ದರಿಂದ ನರ್ಸ್ ಒಬ್ಬರು ಫೋನನ್ನು ಅವಳ ಕಿವಿಗೆ ಹಿಡಿದು ನಿಂತರು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ಆಮೇಲೆ ನಾಗೇಂದ್ರರೇ ಹೇಳಿದ್ದು: "ಅಕ್ಕಾ, ನಾನು ಅವಳ ಮುಖಾನೂ ನೋಡ್ದೆ ಏನ್ ಹೇಳ್ಲಿ? ನೀವ್ ಅಲ್ಲಿದ್ದೀರ. ನಿಮ್ಗೆ ಹೆಂಗ್ ತೋರುತ್ತೋ ಹಂಗೇ ಮಾಡಿ. ಏನಾದ್ರೂ ನಾನು ನಿಮ್ಮನ್ನ ಒಂದ್ ಮಾತೂ ಅನ್ನಲ್ಲ."

ಅಕ್ಕ ನನ್ನ ಹತ್ತಿರ ಬಂದಳು. ಚಿಕ್ಕಂದಿನಲ್ಲಿ ನನಗೆ ತಲೆ ಬಾಚುವಾಗ ನೋಡುತ್ತಿದ್ದ ಹಾಗೆ ನೋಡಿ, "ಸುಮಿ, ಕೊಡ್ಸ್ಲೇನೇ?" ಅಂದಳು. ನಾನು ಎಡಗೈಯಿಂದ ಅವಳ ಬಳೆ ಹಿಡಿದು ಎಳೆದೆ. ಒಪ್ಪಿಗೆ ಎಂದು ಅವಳು ತಿಳಿದುಕೊಂಡಳು. ಸರಿಯಾಗಿಯೇ ತಿಳಿದುಕೊಂಡಳು.

ಸಂಜೆಯ ಹೊತ್ತಿಗೆ ಬಲಗೈ ಬೆರಳುಗಳು ಆಡಿದವು. ನಾಗೇಂದ್ರ ಬಸ್ಸಿಳಿದು ಬರುವಷ್ಟರಲ್ಲಿ ಎದ್ದು ಕೂತಿದ್ದೆ. ಬಾಗಿಲಲ್ಲಿ ನಿಂತು ಅವರು ಅತ್ತುಬಿಟ್ಟರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಎಲ್ಲ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಅಂದುಕೊಂಡೆವು. ಆದರೆ ಕೈ ಬಂದಷ್ಟು ಸುಲಭವಾಗಿ ಮಾತು ಬರಲಿಲ್ಲ.

ಮಾತಿಲ್ಲದಿರುವುದು ಹೇಗಿರುತ್ತದೆ ಅಂತ ಹಲವರು ಕೇಳುತ್ತಾರೆ. ಕಪಾಟಿನ ಮುಂದೆ ನಿಂತಿದ್ದೀರಿ. ಒಳಗೆ ಏನೇನಿದೆ, ಎಲ್ಲೆಲ್ಲಿದೆ ನಿಮಗೆ ಗೊತ್ತು. ಕೈ ಹಾಕಿದರೆ ಪ್ರತಿ ಸಲವೂ ಬೇರೆಯದೇ ಕೈಗೆ ಬರುತ್ತದೆ. ನೀರು ಬೇಕೆಂದು ಕೇಳಿದೆ. ನನ್ನ ಬಾಯಿ "ಸೋಪು" ಅಂದಿತು. ಅಕ್ಕ ಸೋಪು ತಂದುಕೊಟ್ಟಳು. ಮತ್ತೆ ಕೇಳಿದೆ, ಮತ್ತೆ ಸೋಪೇ. ಸಿಟ್ಟಿಗೆ ಪಕ್ಕದ ಲೋಟವನ್ನು ನೆಲಕ್ಕೆ ಬಿಸಾಡಿದೆ. ಅದು ಉರುಳಿಕೊಂಡು ಹೋದ ಸದ್ದಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವತ್ತು ಮುಖ ಮುಚ್ಚಿಕೊಂಡು ಅತ್ತದ್ದಕ್ಕೆ ಕಾಯಿಲೆಗಿಂತ ಆ ನೋಟವೇ ಕಾರಣ.

ನೋಡಲು ಬಂದ ನೆಂಟರು ನನಗೆ ಕಿವಿ ಕೇಳುವುದಿಲ್ಲವೇನೋ ಅನ್ನುವಂತೆ ಕೂಗಿ ಮಾತಾಡುತ್ತಿದ್ದರು. ಕೆಲವರು ನನ್ನೆದುರಿಗೇ ಅಕ್ಕನನ್ನು, "ಬುದ್ಧಿ ಸರಿಗೈತಾ?" ಅಂತ ಕೇಳಿದರು. ನಾಗೇಂದ್ರರ ದೊಡ್ಡಮ್ಮ ಒಬ್ಬರೇ ನಗಿಸಿದ್ದು. ಗಂಡನ ಹೆಸರು ಹೇಳಲು ಹೋಗಿ ಆಗದೆ ಕಣ್ಣೀರು ಹಾಕುತ್ತಿದ್ದ ನನ್ನ ಪಕ್ಕ ಕೂತು, "ಅದಕ್ಯಾಕ್ ಅಳ್ತೀಯ ಕಣಮ್ಮ? ನಾವೇನ್ ಯಾವತ್ತಾನ ಗಂಡನ್ ಹೆಸ್ರು ಹೇಳಿದ್ವಾ? ಸಂಸಾರ ನಡೀಲಿಲ್ವಾ?" ಅಂದರು. ನಗು ಮಾತ್ರ ಹಳೆಯದೇ ಆಗಿ ಬಾಯಿಂದ ಬಂತು. ನನ್ನದೇ ನಗುವನ್ನು ಕೇಳಿ ನನಗೆ ಎಷ್ಟೋ ಧೈರ್ಯವಾಯಿತು.

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಅಕ್ಕನ ಕಿವಿಗೆ ಫೋನ್ ಹಿಡಿದಿದ್ದ ನರ್ಸ್, ಸರೋಜ ಸಿಸ್ಟರ್. ಕರ್ನಾಟಕದ ಗಡಿಯಂಚಿನ ಬ್ರಹ್ಮಸಮುದ್ರದ ಕಡೆಯವರು, ಹಾಗಾಗಿ ಮನೆಮಾತು ಕನ್ನಡ. ನಾನು ಏನನ್ನಾದರೂ ಕೇಳಲು ಒದ್ದಾಡುತ್ತಿದ್ದರೆ ಅವರು ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟುಬಿಡುತ್ತಿದ್ದರು. ಟ್ರೇ ಹಿಡಿದವರು ಆತುರದಲ್ಲಿರುತ್ತಾರೆ, ಕೆಳಗಿಟ್ಟವರು ಕಾಯುತ್ತಾರೆ. ಯಾರೂ ಹೇಳಿಕೊಡದೆ ಅವರಿಗೆ ಅದು ಗೊತ್ತಿತ್ತು. "ನಿಧಾನಕ್ಕೆ ಹೇಳಿ ಟೀಚರಮ್ಮ, ನಾನೆಲ್ಲೂ ಹೋಯ್ತಿಲ್ಲ" ಅನ್ನುತ್ತಿದ್ದರು.

ಅವರೇ ಒಂದು ಬೆಳಿಗ್ಗೆ ನನ್ನನ್ನು ಹಿಂದಿನ ಕಟ್ಟಡದ ಕೋಣೆಗೆ ನಡೆಸಿಕೊಂಡು ಹೋದದ್ದು. ಅಲ್ಲಿ ಮೊದಲು ಹಳೆಯ ಮಂಚಗಳನ್ನು ತುಂಬಿಡುತ್ತಿದ್ದರಂತೆ. ಈಗ ಸುಣ್ಣ ಹೊಡೆದು, ಒಂದು ಮೇಜು, ಒಂದು ದೊಡ್ಡ ಕನ್ನಡಿ, ಚಿತ್ರದ ಕಾರ್ಡುಗಳು. ಮಾತು ಕಳೆದುಕೊಂಡವರಿಗೆ ತರಬೇತಿ ಕೊಡುವ ವ್ಯವಸ್ಥೆ ಆಸ್ಪತ್ರೆಯಲ್ಲಿ ಆಗಷ್ಟೇ ಶುರುವಾಗಿತ್ತು. ಅದಕ್ಕೆಂದೇ ಕೆಲಸಕ್ಕೆ ಸೇರಿದ ಹುಡುಗಿ ಹರಿತ, ಸಮುದ್ರದ ಕಡೆಯ ಜಿಲ್ಲೆಯವಳು. ನರ್ಸುಗಳು ಅವಳನ್ನು "ಮಾತಿನ ಟೀಚರ್" ಅನ್ನುತ್ತಿದ್ದರು. ಅವಳ ತೆಲುಗು ಮೆತ್ತಗೆ, ಎಳೆದೆಳೆದು ಹಾಡಿದ ಹಾಗೆ. ನಮ್ಮ ಕಡೆಯ ಒರಟು ತೆಲುಗು ಕೇಳಿದರೆ ಅವಳಿಗೆ ನಗು. ಕನ್ನಡ ಒಂದಕ್ಷರವೂ ಗೊತ್ತಿರಲಿಲ್ಲ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಅವಳು ಚಿತ್ರ ತೋರಿಸುವಳು, ನಾನು ಬಾಯಿ ತೆರೆಯುವೆ, ಬೇರೇನೋ ಬರುವುದು. "ಪರ್ಲೇದಮ್ಮಾ," ಪರವಾಗಿಲ್ಲ, ಅನ್ನುವಳು. ಆ ಪರ್ಲೇದು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. ಜೊತೆಗೆ ಅಕ್ಕ ಬೇರೆ. ನಾನು ತೊದಲುವುದನ್ನು ನೋಡಲಾಗದೆ ಪ್ರತಿ ಪದವನ್ನೂ ತಾನೇ ಹೇಳಿಬಿಡುತ್ತಿದ್ದಳು. ಹರಿತ ಅವಳಿಗೆ ಕೈಮುಗಿದು, ತೆಲುಗಿನಲ್ಲಿ, "ಅಮ್ಮಾ, ನೀವು ಕೊಟ್ಟ ಪದ ನಿಮ್ಮದೇ ಆಗಿರುತ್ತದೆ. ಅವರದ್ದು ಬರುವವರೆಗೆ ಕಾಯೋಣ" ಅಂದಳು. ಅಕ್ಕ ಮುಖ ಊದಿಸಿಕೊಂಡು ಕೂತಳು.

ಆಮೇಲೆ ಒಂದು ದಿನ ಹರಿತ ಕಾರ್ಡುಗಳನ್ನೆಲ್ಲ ಎತ್ತಿಟ್ಟು ಅಕ್ಕನನ್ನು ಕೇಳಿದಳು: ಇವರು ಶಾಲೆಯಲ್ಲಿ ದಿನವೂ ಬಾಯಿಪಾಠವಾಗಿ ಹೇಳುತ್ತಿದ್ದದ್ದು ಏನು? ಅಕ್ಕ, "ಒಂದನೇ ಕ್ಲಾಸಿಗೆ ಇನ್ನೇನಮ್ಮ, ಕಾಗುಣಿತ" ಅಂದಳು. ಹರಿತಳ ಕಣ್ಣು ಅರಳಿತು. "ಗುಣಿಂತಮಾ! ಮಾಕೂ ಉಂದಿ!" ನಮಗೂ ಇದೆ ಅಂತ. ಕುರ್ಚಿ ಹತ್ತಿರಕ್ಕೆಳೆದುಕೊಂಡು, ನನ್ನ ಮುಖ ನೋಡುತ್ತ, ಕೈಯಿಂದ ಮೇಜು ತಟ್ಟುತ್ತ ಶುರು ಮಾಡಿದಳು. "ಕ, ಕಾ..."

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಬರುತ್ತಲೂ ಇರಲಿಲ್ಲ. "ಕಿ, ಕೀ, ಕು, ಕೂ" ಅಂತ ಬಾಯಿ ತಾನಾಗಿಯೇ ಹೊರಟಿತು. ಅವಳು ತಟ್ಟುತ್ತಲೇ ಇದ್ದಳು, ನಾನು "ಕಂ, ಕಃ" ತನಕ ಹೋಗಿ ನಿಂತೆ. ನನ್ನದೇ ಧ್ವನಿ, ಎಷ್ಟೋ ವರ್ಷ ಮಕ್ಕಳ ಮುಂದೆ ಆಡಿದ ಧ್ವನಿ. ಅಕ್ಕ ಎದ್ದು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಹರಿತ ನಗುತ್ತ, "ಇಪ್ಪುಡು," ಈಗ, "ಗ, ಗಾ?" ಅಂದಳು. ಸಂತೋಷಪಡಲು ಕೂಡ ಬಿಡುವು ಕೊಡದ ಹುಡುಗಿ!

ಅಲ್ಲಿಂದ ದಾರಿ ಸಿಕ್ಕಿತು. ಅವಳು ಅಕ್ಕನಿಂದ ಕನ್ನಡ ಪದಗಳನ್ನು ಕೇಳಿ ಕಲಿತುಕೊಂಡು ಬರುತ್ತಿದ್ದಳು. ಕಾಗುಣಿತದ ಮೆಟ್ಟಿಲಿಂದ ಪದಕ್ಕೆ, "ನೀ" ಅಂದು ನಿಲ್ಲಿಸಿದರೆ ನಾನು "ನೀರು." ಮೊದಲ ಸಲ ನೀರೆಂದು ಕೇಳಿ ನೀರು ಸಿಕ್ಕಾಗ ಕುಡಿಯದೆ ಲೋಟವನ್ನೇ ನೋಡುತ್ತ ಕೂತಿದ್ದೆ. ಕೆಲವು ದಿನ ಅವಳ ಕನ್ನಡ ನನ್ನ ಕನ್ನಡಕ್ಕಿಂತ ಕೆಟ್ಟದಾಗಿರುತ್ತಿತ್ತು. ನಾನು ತಪ್ಪು ತಿದ್ದುತ್ತಿದ್ದೆ. ಅವಳು ಬೇಕೆಂದೇ ತಪ್ಪು ಹೇಳುತ್ತಿದ್ದಳೋ ಏನೋ, ಈವರೆಗೂ ಬಾಯಿಬಿಟ್ಟಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ವಾಪಸಾಗಬೇಕೆಂಬ ಆಸೆ ಇತ್ತು. ಆಗಲಿಲ್ಲ. ಹಿಂದೂಪುರದ ಮನೆಗೆ ಮರಳಿ, ಪ್ರತಿ ವಾರ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ ಬರುತ್ತಿದ್ದೆ. ದೀಪಾವಳಿ ಕಳೆದ ಮೇಲೆ ತರಗತಿಗೆ ಹೋದೆ. ಬೆಕ್ಕಿನ ಚಿತ್ರ ತೋರಿಸಿ "ಆಕಳು" ಅಂದೆ. ಮಕ್ಕಳು ಬಿದ್ದು ಬಿದ್ದು ನಕ್ಕು, "ಬೆಕ್ಕು ಟೀಚರ್!" ಅಂತ ಒಕ್ಕೊರಲಿನಿಂದ ಕೂಗಿದರು. ದೊಡ್ಡವರ ಮುಂದೆ ತಪ್ಪಿದರೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಮಕ್ಕಳ ಮುಂದೆ ಆಗಲಿಲ್ಲ. ತಪ್ಪು ಮಾಡುವುದು ಆ ಕೋಣೆಯಲ್ಲಿ ಎಲ್ಲರ ಕೆಲಸ.

ಆ ಚಳಿಗಾಲದಲ್ಲೇ ಸರೋಜ ಸಿಸ್ಟರ್ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ತುಂಬ ಬದಲಾವಣೆ ಅಂದರು. ಹಳೆಯ ಸೂಪರಿಂಟೆಂಡೆಂಟರಿಗೆ ವರ್ಗ, ಹೊಸಬರು ಬರುತ್ತಿದ್ದಾರೆ. ತಾವು ಹೆಡ್ ನರ್ಸ್ ಆಗಿದ್ದಾರೆ. ಅದನ್ನು ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ನಾಚಿಕೆ. ಆಮೇಲೆ ಫೋನ್ ಮಾಡಿದ ವಿಷಯಕ್ಕೆ ಬಂದರು.

"ಹರಿತಂದೇ ಯೋಚ್ನೆ ಟೀಚರಮ್ಮ. ಅವಳ ಕೆಲ್ಸ ಕಾಂಟ್ರಾಕ್ಟು, ವರ್ಷ ವರ್ಷಕ್ಕೂ ಮುಂದುವರ್ಸ್ಬೇಕು. ಆ ಕೋಣೆಗೆ ಜನಾನೇ ಬರ್ತಿಲ್ಲ. ಮಾತು ಹೋದ್ರೆ ಹೋಯ್ತು, ಅದನ್ನೇನ್ ಕಲಿಸ್ತಾರೆ ಅಂತ ಮನೇಲೇ ಮಲಗ್ಸ್ಬುಡ್ತಾರೆ. ಜನ ಇಲ್ಲ ಅಂದ್ರೆ ಹೊಸ ಸಾಹೇಬ್ರು ಹೆಂಗ್ ಮುಂದುವರ್ಸ್ತಾರೆ? ಅವರನ್ನ ಸ್ವಾಗತ ಮಾಡೋ ದಿನ ರೋಗಿಗಳ ಮನೆಯವರನ್ನೂ ಕರೀತಿದ್ದೀವಿ. ನೀವ್ ಬಂದು ಎರಡ್ ಮಾತಾಡ್ಬೇಕು."

ಎರಡು ಮಾತು! ಅಂಗಡಿಯಲ್ಲಿ ಸೊಪ್ಪಿನ ಹೆಸರು ಹೇಳಲು ಬೆವರುವವಳು ನಾನು. ಫೋನಿಟ್ಟು ನಾಗೇಂದ್ರರನ್ನು ನೋಡಿದೆ. "ಹೋಯ್ತೀಯಾ?" ಅಂದರು. "ಹೋ... ಹೋಯ್ತೀನಿ" ಅಂದೆ. ಅವರು ಅಂಗಡಿಯಿಂದ ಹಸಿರು ಅಂಚಿನ ರೇಷ್ಮೆ ಸೀರೆ ತಂದು ಮಂಚದ ಮೇಲಿಟ್ಟರು.

ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಾರ, ಶಾಲು, ಭಾಷಣಗಳಾದವು. ಡಾಕ್ಟರ್ ಶಮೀಮ್ ನನ್ನನ್ನು ಕರೆದಳು. ಮೈಕ್ ಮುಂದೆ ಹೋಗಿ ನಿಂತೆ. ತೆಲುಗು ಇನ್ನೂ ಅರೆಬರೆಯಾಗಿಯೇ ಉಳಿದಿತ್ತು, ಹಾಗಾಗಿ ಕನ್ನಡದಲ್ಲೇ ಹೊರಟೆ.

"ನಾನು ಟೀಚರ್. ನನ್ನ ಮಾತು... ಹೋಯ್ತು. ಇಲ್ಲಿ, ಹಿಂದಿನ ಕೋಣೇಲಿ... ಬಂತು. ತಂದುಕೊಟ್ಟವಳು ಈ... ಈ..."

ಹೆಸರು ಬರಲಿಲ್ಲ. ಅವಳು ಮೊದಲ ಸಾಲಿನಲ್ಲೇ ನಿಂತಿದ್ದಳು, ನನ್ನನ್ನೇ ನೋಡುತ್ತ. ಹೊಸ ಸೂಪರಿಂಟೆಂಡೆಂಟರು ಕುರ್ಚಿಯಲ್ಲಿ ಅಲುಗಾಡಿದರು. ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಓಡಿಹೋಗಬೇಕು ಅನ್ನಿಸಿತು. "ಈ ಹರಕೆ" ಅಂದುಬಿಟ್ಟೆ.

ಎಲ್ಲ ಗೊಳ್ಳೆಂದರು. ನಾನೂ ನಕ್ಕೆ. ನಗುತ್ತಿದ್ದಾಗಲೇ ಅದು ಬಂತು. "ಹರಿತ. ಹರಿತ!" ಅಂತ ಕೂಗಿಯೇ ಹೇಳಿದೆ. ಅವಳು ಎರಡೂ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನೋಡಿ," ಅಂದೆ, "ನೀವು ಕಾದ್ರಿ. ಬಂತು. ಇದೇ... ಅವಳ ಕೆಲಸ. ಕಾಯೋದು. ಮನೇಲಿ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ." ಅಷ್ಟೇ. ಬೇರೇನಾದರೂ ಹೇಳಬೇಕೆಂದಿದ್ದೆನೋ ಗೊತ್ತಿಲ್ಲ, ಇಳಿದುಬಿಟ್ಟೆ.

ಸೂಪರಿಂಟೆಂಡೆಂಟರು ತಮ್ಮ ಸರದಿಯಲ್ಲಿ ಆ ಕೋಣೆಯ ಬಗ್ಗೆ "ಚೂದ್ದಾಂ," ನೋಡೋಣ, ಎಂದಷ್ಟೇ ಹೇಳಿದರು. ಆಮೇಲೆ ಅವರು ಒಬ್ಬರೇ ಹಿಂದಿನ ಕಟ್ಟಡಕ್ಕೆ ಹೋಗಿ ಬಂದದ್ದನ್ನು ಸರೋಜ ಸಿಸ್ಟರ್ ನೋಡಿದರಂತೆ. ಹರಿತಳ ಕೆಲಸ ಆ ವರ್ಷಕ್ಕೆ ಮುಂದುವರಿಯಿತು. ಮುಂದಿನದು ಯಾರಿಗೂ ಗೊತ್ತಿಲ್ಲ. ಶನಿವಾರ ಶನಿವಾರ ಮಾತು ಕಳೆದುಕೊಂಡವರು ಒಟ್ಟಿಗೆ ಕೂರುವ ಗುಂಪೊಂದನ್ನು ಶುರು ಮಾಡಲೂ ಸೂಪರಿಂಟೆಂಡೆಂಟರು ಒಪ್ಪಿದರು. ನಾನು ಅದಕ್ಕೆ ತಪ್ಪದೆ ಹೋಗುತ್ತೇನೆ. ಪೂರ್ತಿ ಗುಣವಾಗಿದೆ ಅಂತ ಹೇಳಲಾರೆ. ದಣಿದ ಸಂಜೆಗಳಲ್ಲಿ ಈಗಲೂ ಪದಗಳು ಕೈತಪ್ಪುತ್ತವೆ. ಇದನ್ನು ಬರೆಯಲು ಎಷ್ಟೋ ಭಾನುವಾರಗಳು ಹಿಡಿದಿವೆ.

ಸ್ವಾಗತದ ದಿನ ಶಾಮಿಯಾನದ ಹಿಂದೆ ನಿಂತು ಕೇಳುತ್ತಿದ್ದ ಒಬ್ಬ ಯಜಮಾನರು ನಾನು ಇಳಿದು ಬಂದಾಗ ಎದುರಾಗಿ ಕೈಮುಗಿದಿದ್ದರು. ಬ್ರಹ್ಮಸಮುದ್ರದ ಹತ್ತಿರದವರು, ಹೆಸರು ಹನುಮಂತರಾಯಪ್ಪ. ತಮ್ಮ ಬೆನ್ನುನೋವಿಗೆ ಮಾತ್ರೆ ತಗೊಳ್ಳಲು ಬಂದಿದ್ದವರು. "ನಮ್ ಮನೆಯವಳು ಮಾತಾಡ್ದೆ ವರ್ಷದ ಮೇಲಾಯ್ತು ಕಣಮ್ಮ. ಇಷ್ಟ್ ತಡ ಆದ್ ಮೇಲೂ ಕರ್ಕಂಡ್ ಬರ್ಬೋದಾ?" ಅಂದರು. ಹರಿತಳನ್ನು ತೋರಿಸಿದೆ.

ಮೊದಲ ಶನಿವಾರವೇ ಅವರು ಹೆಂಡತಿಯನ್ನು ಕರೆತಂದರು. ತಿಮ್ಮಕ್ಕ ಅಂತ. ಬಂದು ಗೋಡೆ ನೋಡುತ್ತ ಕೂತರು. ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಹೇಳುತ್ತಿದ್ದರು. ಹರಿತ ಅವರ ಬಾಯಿಗೆ ಬೆರಳು ಅಡ್ಡ ಹಿಡಿಯುವ ಹಾಗೆ ಮಾಡಿ ನಗುತ್ತಿದ್ದಳು. ವಾರಗಳು ಹೋದವು. ನಾನು ತಿಮ್ಮಕ್ಕನ ಪಕ್ಕದಲ್ಲೇ ಕೂರುತ್ತಿದ್ದೆ. ಅವರಿಗೆ ಕಾಗುಣಿತ ಬರುತ್ತಿರಲಿಲ್ಲ, ಶಾಲೆಗೆ ಹೋದವರಲ್ಲ. ಹಾಗಾಗಿ ಹರಿತ ಅವರೊಂದಿಗೆ ಬೀಸುವ ಕಲ್ಲಿನ ಪದ, ಎಣಿಕೆ, ಮಕ್ಕಳನ್ನು ಲಾಲಿಸುವ ಮಾತು, ಏನೇನೋ ಪ್ರಯತ್ನಿಸಿದಳು. ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಹೋದ ತಿಂಗಳು, ಗುಂಪು ಮುಗಿಯುವ ಹೊತ್ತಿಗೆ, ಸರೋಜ ಸಿಸ್ಟರ್ ಎಂದಿನಂತೆ ಎಲ್ಲರಿಗೂ ಟೀ ತರಿಸಿದರು. ಹನುಮಂತರಾಯಪ್ಪ ಒಂದು ಲೋಟ ತಗೊಂಡು, ಊದಿ ಆರಿಸಿ, ಹೆಂಡತಿಯ ಬಾಯಿಯ ಹತ್ತಿರ ಹಿಡಿದರು. ತಿಮ್ಮಕ್ಕ ಮುಖ ತಿರುಗಿಸಿದರು. ಅವರು ಮತ್ತೆ ಹಿಡಿದರು. ತಿಮ್ಮಕ್ಕ ಕೈಯಿಂದ ಲೋಟ ದೂಡಿದರು.

"ಬ್ಯಾಡ" ಅಂದರು.

ಹರಿತಳಿಗೆ ಅಷ್ಟು ಕನ್ನಡ ಅರ್ಥವಾಗಿತ್ತು. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹನುಮಂತರಾಯಪ್ಪ ಲೋಟ ಹಿಡಿದೇ ಕೇಳಿದರು: "ಏನಂದೆ?"

"ಬ್ಯಾಡ. ಟೀ... ಬ್ಯಾಡ."

"ಅಲ್ಲ ಕಣೇ, ವರ್ಷದಿಂದ ಎರಡೊತ್ತೂ ಕುಡುಸ್ತಾ ಇದ್ದೀನಲ್ಲೇ! ನಿಂಗ್ ಟೀ ಬ್ಯಾಡ್ವಾ?"

ತಿಮ್ಮಕ್ಕ ಗಂಡನನ್ನು ಒಮ್ಮೆ ಸರಿಯಾಗಿ ದಿಟ್ಟಿಸಿ ನೋಡಿ, ಮತ್ತೆ ಅದನ್ನೇ ಹೇಳಿದರು. ಹನುಮಂತರಾಯಪ್ಪ ಲೋಟವನ್ನು ನನ್ನ ಕೈಗೆ ತುರುಕಿ ಹೊರಗೆ ಓಡಿದರು. ಔಷಧದ ಸಾಲಿನಲ್ಲಿ ನಿಂತವರಿಗೆ, ಗೇಟಿನವನಿಗೆ, ಕಂಡಕಂಡವರಿಗೆಲ್ಲ ಅವರು ಕೂಗಿ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು: "ಬ್ಯಾಡ ಅಂದ್ಳು ಕಣ್ರಪ್ಪೋ! ನಮ್ಮವಳು ಬ್ಯಾಡ ಅಂದ್ಬುಟ್ಳು!"